ಸ್ಪಷ್ಟನೆ: ನಾಲ್ಕು ಲೀಟರ್ ನೀರಿನಿಂದ ಒಣಚರ್ಮ ವಾಸಿಯಾಗುವುದಿಲ್ಲ

‘ಚಳಿಗಾಲದಲ್ಲಿ ಚರ್ಮ ಒಡೆಯಲು ನೀರು ಸಾಲದಿರುವುದೇ ಕಾರಣ. ದಿನಕ್ಕೆ ನಾಲ್ಕು ಲೀಟರ್ ಕುಡಿದರೆ ಏನನ್ನೂ ಹಚ್ಚಬೇಕಿಲ್ಲ’ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಹರಿದಾಡುತ್ತಿದೆ. ಇದು ಸರಿಯಲ್ಲ. ಹೃದಯ, ಮೂತ್ರಪಿಂಡದ ತೊಂದರೆಗೆ ನೀರು ಮಿತಿಗೊಳಿಸಿಕೊಂಡವರಿಗಂತೂ ಅಪಾಯಕಾರಿ.

ಚರ್ಮದ ತೇವವನ್ನು ಹಿಡಿದಿಡುವುದು ಅದರ ಹೊರಪದರದ ಜಿಡ್ಡು. ಸುಡುನೀರಿನ ದೀರ್ಘ ಸ್ನಾನ, ಮೈತುಂಬ ತಿಕ್ಕುವ ಸೋಪು ಆ ಜಿಡ್ಡನ್ನೇ ತೊಳೆದುಬಿಡುತ್ತವೆ. ಉಳಿದದ್ದನ್ನು ವಿಜಯಪುರ, ಕಲಬುರಗಿ ಕಡೆಯ ಡಿಸೆಂಬರಿನ ಒಣಗಾಳಿ ಮುಗಿಸುತ್ತದೆ. ವಯಸ್ಸಾದಂತೆ ಜಿಡ್ಡು ಕಡಿಮೆಯಾಗುವುದರಿಂದ ಹಿರಿಯರ ಮೊಣಕಾಲ ಕೆಳಗೆ ಬೂದಿ ಬಳಿದಂತೆ ಬಿಳಿಚುತ್ತದೆ, ಉಗುರು ತಾಗಿದರೆ ಗೆರೆ ಮೂಡುತ್ತದೆ. ಎಷ್ಟು ನೀರು ಕುಡಿಸಿದರೂ ಆ ಗೆರೆ ಅಳಿಯದು.

ಉಗುರುಬೆಚ್ಚಗಿನ ನೀರಿನಲ್ಲಿ ಬೇಗ ಸ್ನಾನ ಮುಗಿಸಿ. ಕಂಕುಳು, ತೊಡೆಸಂದು, ಪಾದಗಳಿಗೆ ಮಾತ್ರ ಸೋಪು ಸಾಕು. ಟವೆಲಿನಿಂದ ಉಜ್ಜದೆ ಒತ್ತಿ ಒರೆಸಿ, ಮೈ ಇನ್ನೂ ಹಸಿಯಿರುವಾಗಲೇ ಪೆಟ್ರೋಲಿಯಂ ಜೆಲ್ಲಿಯನ್ನೋ ಕೊಬ್ಬರಿ ಎಣ್ಣೆಯನ್ನೋ ಹಚ್ಚಿ. ಒಡೆದ ಹಿಮ್ಮಡಿಗೆ ಯೂರಿಯಾ ಇರುವ ಕ್ರೀಮ್ ಒಳ್ಳೆಯದು. ನಿಂಬೆರಸ ಬೇಡವೇ ಬೇಡ, ಉರಿ ಹೆಚ್ಚುತ್ತದೆ. ಮಧುಮೇಹಿಗಳ ಪಾದದಲ್ಲಿ ಬಿರುಕು ಕಂಡರೆ ಮನೆಮದ್ದಿಗೆ ಕಾಯದೆ ವೈದ್ಯರಿಗೆ ತೋರಿಸಿ.