ರಕ್ತದ ಕ್ಯಾನ್ಸರ್‌ಗೆ ಉಚಿತ ಔಷಧಿ: ಸತ್ಯಾಂಶ

‘ಇಮಿಟಿನೆಫ್ ಮರ್ಸಿಲೆಟ್ ರಕ್ತದ ಕ್ಯಾನ್ಸರನ್ನು ಗುಣಪಡಿಸುತ್ತದೆ, ಚೆನ್ನೈನ ಅಡ್ಯಾರ್ ಕ್ಯಾನ್ಸರ್ ಸಂಸ್ಥೆಯಲ್ಲಿ ಉಚಿತ’ ಎಂಬ ಸಂದೇಶ ವರ್ಷಗಳಿಂದ ಸುತ್ತುತ್ತಿದೆ. ಆ ಹೆಸರಿನ ಔಷಧಿಯೇ ಇಲ್ಲ. ಇರುವುದು ಇಮ್ಯಾಟಿನಿಬ್ ಮೆಸಿಲೇಟ್. ಬರೆದವರು ಹೆಸರನ್ನಾದರೂ ನೆಟ್ಟಗೆ ಬರೆಯಬಾರದಿತ್ತೇ! ಅದು ಮುಖ್ಯವಾಗಿ ದೀರ್ಘಕಾಲಿಕ ಮೈಲಾಯ್ಡ್ ಲ್ಯುಕೇಮಿಯಾ ಎಂಬ ಒಂದು ಬಗೆಯ ರಕ್ತದ ಕ್ಯಾನ್ಸರ್‌ಗೆ ಕೊಡುವ ಮಾತ್ರೆ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವುದು ತೀವ್ರ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ ಎಂಬ ಇನ್ನೊಂದು ಬಗೆ. ಅವರಲ್ಲಿ ಕ್ಯಾನ್ಸರ್ ಕೋಶಗಳಲ್ಲಿ ಫಿಲಡೆಲ್ಫಿಯಾ ಕ್ರೋಮೋಸೋಮ್ ಎಂಬ ಬದಲಾದ ವರ್ಣತಂತು ಇರುವ ಕೆಲವರಿಗಷ್ಟೇ ಇಮ್ಯಾಟಿನಿಬ್, ಅದೂ ಕಿಮೊಥೆರಪಿಯ ಜೊತೆಗೆ. ಉಳಿದವರಿಗೆ ವಿನ್‌ಕ್ರಿಸ್ಟಿನ್, ಮೆಥೊಟ್ರೆಕ್ಸೇಟ್, ಸ್ಟಿರಾಯ್ಡ್ ಮುಂತಾದ ಔಷಧಿಗಳ 2ರಿಂದ 3 ವರ್ಷಗಳ ಚಿಕಿತ್ಸೆ. ಅದನ್ನು ನಡುವೆ ಬಿಡದೆ ಮುಗಿಸಿದವರಲ್ಲಿ ಹೆಚ್ಚಿನ ಮಕ್ಕಳು ಗುಣವಾಗುತ್ತಾರೆ.

ಮಕ್ಕಳಲ್ಲಿ ಬಿಡದ ಜ್ವರ, ಬಿಳಿಚಿದ ಮುಖ, ಏಟು ಬೀಳದಿದ್ದರೂ ಮೂಡುವ ನೀಲಿ ಕಲೆ, ಮೂಳೆನೋವಿನಿಂದ ನಡೆಯಲು ಹಟ ಹಿಡಿದು ನಿರಾಕರಿಸುವುದು ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಿ, ರಕ್ತಪರೀಕ್ಷೆ ಮಾಡಿಸಿ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ ಮಕ್ಕಳ ಕ್ಯಾನ್ಸರ್‌ಗೆಂದೇ ಪ್ರತ್ಯೇಕ ವಿಭಾಗವಿದೆ.