ಹತ್ತು ತಿಂಗಳ ಲೆಕ್ಕಕ್ಕೆ ಸಿಗದ ಕೆಲಸ
ಎಚ್.ಡಿ. ದೇವೇಗೌಡರನ್ನು 'ಆಕಸ್ಮಿಕ ಪ್ರಧಾನಿ' ಎಂದು ಕರೆದಿರುವ ಲೇಖನವು ಅವರ ಹತ್ತೂವರೆ ತಿಂಗಳ ಅಧಿಕಾರಾವಧಿಯನ್ನು ಸಮ್ಮಿಶ್ರ ರಾಜಕಾರಣದ ಕಸರತ್ತಿಗಷ್ಟೇ ಸೀಮಿತಗೊಳಿಸಿದೆ. ಆಗ ಕೇಂದ್ರದಲ್ಲಿ ಸರ್ಕಾರ ರಚಿಸಿದ ಮೈತ್ರಿಕೂಟವಾದ ಸಂಯುಕ್ತ ರಂಗದ ಇತರ ನಾಯಕರು ಹಿಂದೆ ಸರಿದ ಮೇಲೆ ಆ ಹುದ್ದೆ ಅವರ ಪಾಲಿಗೆ ಬಂತೆಂಬುದು ನಿಜವೇ. ಆದರೆ 1962ರಲ್ಲಿ ಹೊಳೆನರಸೀಪುರದಿಂದ ಪಕ್ಷೇತರರಾಗಿ ಗೆದ್ದು, ಮುಂದೆ ರಾಜ್ಯದ ನೀರಾವರಿ ಖಾತೆಯನ್ನು ನಿರ್ವಹಿಸಿದ ಸಿವಿಲ್ ಡಿಪ್ಲೊಮಾ ಪದವೀಧರರೊಬ್ಬರು 1996ರ ಡಿಸೆಂಬರಿನಲ್ಲಿ ಬಾಂಗ್ಲಾದೇಶದೊಡನೆ ಗಂಗಾ ಜಲ ಒಪ್ಪಂದಕ್ಕೆ ಸಹಿ ಹಾಕಿದ್ದನ್ನು ಆಕಸ್ಮಿಕವೆನ್ನಲು ನನಗೆ ಮನಸ್ಸು ಬಾರದು. ಜನವರಿಯಿಂದ ಮೇವರೆಗೆ ಹತ್ತು ದಿನಗಳಿಗೊಮ್ಮೆ ಲೆಕ್ಕ ಹಾಕಿ, ಪಶ್ಚಿಮ ಬಂಗಾಳದಲ್ಲಿ ಗಂಗೆಗೆ ಅಡ್ಡಗಟ್ಟಿರುವ ಫರಕ್ಕಾ ಬ್ಯಾರೇಜಿನಲ್ಲಿ ಹರಿವು 70,000 ಕ್ಯೂಸೆಕ್ ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಉಭಯ ದೇಶಗಳಿಗೂ ಸಮಪಾಲು ಎಂಬ ಸೂತ್ರ ಅದರಲ್ಲಿದೆ. ಕಾವೇರಿ ವಿವಾದವನ್ನು ಬಲ್ಲ ಕನ್ನಡಿಗರಿಗೆ ಇಂಥ ಸೂತ್ರಕ್ಕೆ ಒಪ್ಪಿಗೆ ಪಡೆಯುವುದು ಎಷ್ಟು ಕಷ್ಟವೆಂದು ಬಿಡಿಸಿ ಹೇಳಬೇಕಿಲ್ಲ. ಆಗ ಪಶ್ಚಿಮ ಬಂಗಾಳದ ಮುಖ್ಯಮಂತ್ರಿಯಾಗಿದ್ದ ಜ್ಯೋತಿ ಬಸು ಅವರ ನೆರವು ಇದಕ್ಕೆ ದೊರೆತಿತ್ತೆಂಬುದನ್ನೂ ಮರೆಯಬಾರದು. ಮಹಿಳಾ ಮೀಸಲಾತಿ ಮಸೂದೆ ಮೊದಲ ಬಾರಿಗೆ ಲೋಕಸಭೆಯಲ್ಲಿ ಮಂಡನೆಯಾದದ್ದೂ ಇದೇ ಅವಧಿಯಲ್ಲಿ. 1997ರ ಜನವರಿಯಲ್ಲಿ ದೇವೇಗೌಡರು ಶಂಕುಸ್ಥಾಪನೆ ಮಾಡಿದ ಅಸ್ಸಾಮಿನ ಬೋಗಿಬೀಲ್ ಸೇತುವೆಯ ಉದ್ಘಾಟನೆಗೆ 2018ರ ಡಿಸೆಂಬರ್ ಬರಬೇಕಾಯಿತು. ಕುಟುಂಬ ರಾಜಕಾರಣದ ಕುರಿತು ಲೇಖಕರು ಮಾಡಿರುವ ಟೀಕೆ ನ್ಯಾಯವಾದದ್ದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದೇ ಲೇಖನದಲ್ಲಿ ಫರಕ್ಕಾದ ಹೆಸರೂ ಇಲ್ಲದಿರುವುದು ದೊಡ್ಡ ಲೋಪ.