ಸಿಂಹದ ಮನೆಗೆ ಸಿವಂಗಿಯ ಗೃಹಪ್ರವೇಶ

ನಮ್ಮ ಸರ್ಕಾರಿ ಇಲಾಖೆಗಳು ಒಂದರ ಮುಖ ಇನ್ನೊಂದು ನೋಡುವುದಿಲ್ಲ ಎಂದು ದೂರುವವರು ಮಧ್ಯಪ್ರದೇಶದ ಕುನೊ ಕಾಡಿನ ಕಥೆಯನ್ನೊಮ್ಮೆ ಕೇಳಬೇಕು. 2022ರ ಸೆಪ್ಟೆಂಬರ್ 17ರಂದು ಪ್ರಧಾನಿಯವರು ತಮ್ಮ ಹುಟ್ಟುಹಬ್ಬದ ದಿನವೇ ಆವರಣಕ್ಕೆ ಬಿಟ್ಟ ಚೀತಾಗಳು, ಅಂದರೆ ನಮ್ಮ ಹಿರಿಯರು ಸಿವಂಗಿ ಎನ್ನುತ್ತಿದ್ದ ಪ್ರಾಣಿಗಳು, ನಮೀಬಿಯಾದಿಂದ ಸುಮಾರು 8,000 ಕಿ.ಮೀ. ಹಾರಿ ಬಂದಿದ್ದವು. ಅದಕ್ಕಾಗಿ ಎರಡು ದೇಶಗಳು ಒಪ್ಪಂದಕ್ಕೆ ಸಹಿ ಹಾಕಿದವು, ಹುಲಿ ಪ್ರಾಧಿಕಾರ ಉಸ್ತುವಾರಿ ವಹಿಸಿತು, ತೈಲ ಕಂಪನಿಯೊಂದು ಹಣ ಕೊಟ್ಟಿತು, ವಾಯುಪಡೆ ಹೆಲಿಕಾಪ್ಟರ್ ಒದಗಿಸಿತು. ಹೊತ್ತು ತಂದ ವಿಮಾನದ ಮೂತಿಯ ಮೇಲೆ ಬರೆಸಿದ್ದು ಮಾತ್ರ ಹುಲಿಯ ಮುಖ. ಇಷ್ಟು ಮಂದಿ ಸೇರಿ ಮಾಡಿದ ಕೆಲಸದಲ್ಲಿ ಒಂದು ಮುಖ ಅದಲುಬದಲಾದರೆ ಅದನ್ನು ಲೋಪವೆನ್ನಲಾಗದು.

ಆದರೆ ಆ ಮನೆ ಕಟ್ಟಿದ್ದು ಚೀತಾಕ್ಕಲ್ಲ. ಗುಜರಾತಿನ ಗಿರ್ ಸಿಂಹಗಳಿಗೆ ಎರಡನೆಯ ನೆಲೆಯೊಂದಿರಲಿ, ಒಂದೇ ರೋಗಕ್ಕೆ ಎಲ್ಲವೂ ಬಲಿಯಾಗದಿರಲಿ ಎಂದು ಕುನೊದಿಂದ 24 ಹಳ್ಳಿಗಳನ್ನು ಎತ್ತಂಗಡಿ ಮಾಡಲಾಯಿತು. 2013ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಆರು ತಿಂಗಳೊಳಗೆ ಸಿಂಹಗಳನ್ನು ಕಳಿಸಿ ಎಂದಿತು, ಅದೇ ತೀರ್ಪಿನಲ್ಲಿ ಆಫ್ರಿಕಾದ ಚೀತಾ ಬೇಡವೆಂದೂ ಹೇಳಿತು. 2020ರಲ್ಲಿ ಪ್ರಯೋಗಕ್ಕೆಂದು ಚೀತಾಕ್ಕೆ ಅನುಮತಿ ಸಿಕ್ಕಿತು. ಸಿಂಹದ ಆರು ತಿಂಗಳು ಇನ್ನೂ ಮುಗಿದಿಲ್ಲ. ವಿಮಾನ, ಪಾಸ್‌ಪೋರ್ಟ್, ಕ್ವಾರಂಟೈನ್ ಯಾವುದೂ ಬೇಕಿಲ್ಲದ ಪ್ರಾಣಿಗೆ ನೆರೆರಾಜ್ಯದ ಮನಸ್ಸೊಂದು ಬೇಕಿತ್ತು. ಸಿಂಹವೆಂದರೆ ತಮ್ಮ ಅಸ್ಮಿತೆ ಎನ್ನುವವರಿಂದ ಅಸ್ಮಿತೆಯನ್ನು ಲಾರಿಗೆ ಹತ್ತಿಸುವುದು ಸುಲಭವೇ?

ಬಂದವುಗಳ ಪಾಡೂ ಸ್ವಾರಸ್ಯಕರ. ಆಫ್ರಿಕಾದ ಚಳಿಗಾಲ ಇಲ್ಲಿ ಮಳೆಗಾಲವೆಂಬ ಸುತ್ತೋಲೆ ತಲುಪದೆ, ಅವುಗಳ ಮೈ ವಾಡಿಕೆಯಂತೆ ದಪ್ಪ ತುಪ್ಪಳ ಬೆಳೆಸಿಕೊಂಡಿತು. ಮಳೆಗೆ ನೆನೆದ ಆ ತುಪ್ಪಳದಲ್ಲಿ, ಎಲ್ಲಿವೆಯೆಂದು ತಿಳಿಯಲು ಕೊರಳಿಗೆ ಕಟ್ಟಿದ್ದ ರೇಡಿಯೊ ಕಾಲರ್‌ನ ಕೆಳಗೆ ಗಾಯವಾಗಿ ಹುಳು ಬಿದ್ದಿತು. 2023ರ ಜುಲೈನಲ್ಲಿ ಸಾವುಗಳಾದಾಗ, ಕಾಲರ್ ಕಾರಣವೆಂಬುದು ಬರೀ ಊಹಾಪೋಹ ಎಂದು ಅಧಿಕೃತ ಹೇಳಿಕೆ ಹೊರಬಿತ್ತು. ಆಮೇಲೆ ಕಾಲರ್‌ಗಳನ್ನು ಬಿಚ್ಚಲಾಯಿತು.

ಅದೇ ವರ್ಷದ ಏಪ್ರಿಲ್‌ನಲ್ಲಿ ಒಬಾನ್ ಎಂಬ ಗಂಡು ಚೀತಾ ಕಾಡು ಬಿಟ್ಟು ಹಳ್ಳಿಯ ಹೊಲದಲ್ಲಿ ಕುಳಿತಾಗ ಸಿಬ್ಬಂದಿ ಅದರ ಹೆಸರು ಹಿಡಿದು, ಹೋಗಪ್ಪಾ ಹೋಗು ಎಂದು ಅಂಗಲಾಚಿದ ದೃಶ್ಯವನ್ನು ದೇಶವೇ ನೋಡಿತು. ಅದಕ್ಕೆ ಪವನ್ ಎಂದು ಮರುನಾಮಕರಣವೂ ಆಯಿತು. ಹೆಸರಿಗೆ ತಕ್ಕಂತೆ ಬೀಸುತ್ತ ಉತ್ತರಪ್ರದೇಶದತ್ತ ಹೊರಟ ಅದನ್ನು ಅರಿವಳಿಕೆ ಕೊಟ್ಟು ಮಲಗಿಸಿ ವಾಪಸು ತಂದರು. ರಾಜ್ಯದ ಗಡಿ ದಾಟುವುದು ಎಷ್ಟು ಕಷ್ಟವೆಂದು ಗಿರ್‌ನ ಸಿಂಹಕ್ಕೆ ಗೊತ್ತಿತ್ತು. ಖಂಡವನ್ನೇ ದಾಟಿ ಬಂದ ಇದಕ್ಕೆ, ಪಾಪ, ಯಾರೂ ಹೇಳಿರಲಿಲ್ಲ.